ಹೋತ ನಿಲ್ಲುತ್ತಿದ್ದ ಜಾಗಗಳು

ಆ ಮಂಗಳವಾರದ ಪಟ್ಟಿಯಲ್ಲಿ ಕಾಕಾ ಹದಿನಾಲ್ಕನೆಯವರು. ಮೊದಲಿನ ಹದಿಮೂರು ಜನರನ್ನು ಮುಗಿಸುವ ಹೊತ್ತಿಗೆ ನನ್ನ ಬಲಗೈ ಹೆಬ್ಬೆರಳಿಗೆ ಜೋಮು ಹಿಡಿದಿತ್ತು. ಹೊರಗೆ ಬೆಂಚಿನ ಮೇಲೆ ಇನ್ನೂ ಒಂಬತ್ತು ಜನ ಕೂತಿದ್ದರು.

ತೊಂಬತ್ತರ ದಶಕದ ನಡುವಿನ ಮಾತು. ಸಾಂಗಲಿ-ಮಿರಜ ರಸ್ತೆಯಲ್ಲಿ ನೋಡನೋಡುತ್ತಿದ್ದಂತೆ ಹೊಸ ಆಸ್ಪತ್ರೆಗಳ ಬೋರ್ಡುಗಳು ಏಳುತ್ತಿದ್ದವು. ಅವುಗಳ ಎದುರಿಗೆ ಔಷಧ ಅಂಗಡಿ, ಅದರ ಪಕ್ಕದಲ್ಲಿ ಎಸ್‌ಟಿಡಿ ಬೂತು, ಅದರ ಪಕ್ಕದಲ್ಲಿ ಊಟದ ಖಾನಾವಳಿ. ಹೊರದೇಶದ ಯಂತ್ರ ತರಿಸುವುದು ಸಲೀಸಾಗಿದ್ದ ಕಾಲ. ಮಿರಜದ ನಮ್ಮ ಖಾಸಗಿ ಆಸ್ಪತ್ರೆಗೂ ಬಣ್ಣದ ಡಾಪ್ಲರ್ ಇರುವ ಎಕೋ ಯಂತ್ರ ಬಂದಿತ್ತು. ಎದೆಯ ಮೇಲೆ ಅಂಟು ಹಚ್ಚಿ ಪ್ರೋಬ್ ಒತ್ತಿದರೆ ಬಡಿಯುವ ಹೃದಯ ಪರದೆಯ ಮೇಲೆ ಕಾಣುತ್ತಿತ್ತು. ಅದನ್ನು ಓಡಿಸುವವನು ನಾನು. ಡಾಕ್ಟರ್ ಅಲ್ಲ, ಟೆಕ್ನಿಶಿಯನ್. ಇದನ್ನು ಮೊದಲೇ ಹೇಳಿಬಿಡುತ್ತೇನೆ, ಯಾಕೆಂದರೆ ಮುಂದೆ ಇದೇ ದೊಡ್ಡ ತೊಡಕಾಯಿತು.

ಕಾಕಾ ಮ್ಹೈಸಾಳದ ಕುರಿಗಾರರು. ಅರವತ್ತು ದಾಟಿದ ವಯಸ್ಸು, ತಲೆಗೆ ಕೆಂಪು ರುಮಾಲು, ಹೆಗಲಿಗೆ ಕಂಬಳಿ. ಬಲಗಡೆಯ ತೊಡೆಸಂದಿಯಲ್ಲಿ ಹರ್ನಿಯಾ ಆಗಿತ್ತು. ಅದರ ಆಪರೇಶನ್ನಿಗೆಂದು ಸೇರಿದ್ದರು. ಎದೆಗೆ ಸ್ಟೆತೊಸ್ಕೋಪ್ ಇಟ್ಟ ಸರ್ಜನ್ನರಿಗೆ ಗರಗಸ ಎಳೆದಂಥ ಸದ್ದು ಕೇಳಿಸಿತ್ತು. ಹೃದಯದ ಫಿಟ್‌ನೆಸ್ ಬೇಕೆಂದು ಚೀಟಿ ಬರೆದು ನಮ್ಮ ಕೋಣೆಗೆ ಕಳಿಸಿದ್ದರು. ಮರುದಿನ ಬೆಳಿಗ್ಗೆ ಎಂಟಕ್ಕೆ ಬೆನ್ನಿಗೆ ಸೂಜಿ ಕೊಟ್ಟು, ಸೊಂಟದ ಕೆಳಗೆ ಮರಗಟ್ಟಿಸಿ ಆಪರೇಶನ್ ಎಂದು ನಿಗದಿಯಾಗಿತ್ತು.

ಮಲಗಿಸಿ ನೋಡಿದೆ. ಹೃದಯದಿಂದ ರಕ್ತ ಮೈಗೆಲ್ಲ ಹೊರಡುವ ಬಾಗಿಲು, ಮಹಾಧಮನಿಯ ಕವಾಟ, ಸುಣ್ಣ ಕಟ್ಟಿ ಬೆಳ್ಳಗೆ ಹೊಳೆಯುತ್ತಿತ್ತು. ಮೂರು ಎಸಳುಗಳು ಬಿರಿದು ತೆರೆಯಬೇಕಾದಲ್ಲಿ ಅಲುಗಾಡಿದ ಹಾಗೆ ಮಾಡಿ ಸುಮ್ಮನಾಗುತ್ತಿದ್ದವು. ಬಾಗಿಲು ಕಿರಿದಾಗಿದೆ ಎನ್ನುವುದರಲ್ಲಿ ಸಂಶಯವಿರಲಿಲ್ಲ. ಎಷ್ಟು ಕಿರಿದು ಎನ್ನುವುದೇ ಪ್ರಶ್ನೆ.

ಅದನ್ನು ಅಳೆಯುವ ರೀತಿ ಸರಳ. ಕಿರಿದಾದ ಸಂದಿಯಿಂದ ರಕ್ತ ಚಿಮ್ಮಿ ಓಡುತ್ತದೆ. ಸಂದಿ ಕಿರಿದಾದಷ್ಟೂ ಓಟ ಜೋರು. ಸೆಕೆಂಡಿಗೆ ಎಷ್ಟು ಮೀಟರು ಎಂದು ಡಾಪ್ಲರ್ ಹೇಳುತ್ತದೆ. ಆ ಅಂಕಿಯನ್ನು ಅದರಿಂದಲೇ ಗುಣಿಸಿ, ಮತ್ತೆ ನಾಲ್ಕರಿಂದ ಗುಣಿಸಿದರೆ ಬಾಗಿಲಿನ ಆಚೆ ಈಚೆ ಒತ್ತಡದ ವ್ಯತ್ಯಾಸ ಸಿಗುತ್ತದೆ. ಎಡಗಡೆ ಮೊಲೆಯ ಕೆಳಗೆ ಪ್ರೋಬ್ ಇಟ್ಟು ಅಳೆದೆ. ಮೂರು ಮೀಟರ್ ಬಂತು. ಮೂರು ಮೂರಲ ಒಂಬತ್ತು, ಒಂಬತ್ತು ನಾಲ್ಕಲ ಮೂವತ್ತಾರು. ಅಂದರೆ ಮಧ್ಯಮ; ಅರವತ್ತು ದಾಟಿದರೆ ತೀವ್ರ.

ಆದರೆ ಈ ಅಳತೆಗೆ ಒಂದು ಷರತ್ತಿದೆ. ಪ್ರೋಬಿನ ಕಿರಣ ರಕ್ತದ ಚಿಲುಮೆಗೆ ನೇರವಾಗಿರಬೇಕು. ಓರೆಯಾದರೆ ಯಂತ್ರ ಕಡಿಮೆ ತೋರಿಸುತ್ತದೆ. ಹಾಗಾಗಿ ಒಂದೇ ಕಡೆ ನೋಡಿ ಬಿಡಬಾರದು. ಕತ್ತಿನ ಗುಳಿಯಿಂದ ನೋಡಬೇಕು, ರೋಗಿಯನ್ನು ಬಲ ಮಗ್ಗುಲಿಗೆ ಹೊರಳಿಸಿ ಎದೆಮೂಳೆಯ ಬಲಗಡೆಯಿಂದಲೂ ನೋಡಬೇಕು. ಇದು ನನಗೆ ಚೆನ್ನಾಗಿ ಗೊತ್ತಿತ್ತು. ಬಲಕ್ಕೆ ಹೊರಳಿ ಎಂದೆ. ಹೊರಳುತ್ತಿದ್ದಂತೆ ಹರ್ನಿಯಾ ಒತ್ತಿ ಕಾಕಾ ಹಲ್ಲು ಕಚ್ಚಿದರು. ಹೊರಗೆ ಒಂಬತ್ತು ಜನ ಇದ್ದಾರಲ್ಲ, ಇರಲಿ ಬಿಡಿ ಎಂದು ಬಿಟ್ಟೆ. ಆ ‘ಇರಲಿ ಬಿಡಿ’ ನನ್ನ ತಪ್ಪು. ಅದನ್ನು ಪಟ್ಟಿಯ ಮೇಲೆ ಹೊರಿಸಲು ಬರುವುದಿಲ್ಲ.

ಹೃದಯದ ಗೋಡೆಯನ್ನೂ ಅಳೆದೆ. ಹತ್ತು ಹನ್ನೊಂದು ಮಿಲಿಮೀಟರ್ ಇರಬೇಕಾದ್ದು ಹದಿನಾರು ಇತ್ತು. ಅವರ ಇಸಿಜಿಯಲ್ಲಿ ಎಡಗಡೆಯ ಅಲೆಗಳು ಉದ್ದುದ್ದ ಎದ್ದಿದ್ದವು, ಅವುಗಳ ಹಿಂದಿನ ಗೆರೆ ಕೆಳಗೆ ಜಾರಿ ತಲೆಕೆಳಗಾಗಿತ್ತು. ಇದಕ್ಕೆ ನಮ್ಮಲ್ಲಿ ಸ್ಟ್ರೇನ್ ಎನ್ನುತ್ತಾರೆ. ಹೃದಯ ಶಕ್ತಿ ಮೀರಿ ದುಡಿಯುತ್ತಿದೆ ಎಂದರ್ಥ. ಮಧ್ಯಮ ಬಾಗಿಲಿಗೆ ಇಷ್ಟು ದುಡಿತ ಯಾಕೆ ಎಂದು ಒಂದು ಕ್ಷಣ ಅನಿಸಿತು. ಬಿಪಿ ಇದ್ದಿದ್ದರೆ ಗೋಡೆ ದಪ್ಪವಾಗುವುದು ಸಹಜ. ಫೈಲು ತಿರುವಿದೆ, ಬಿಪಿ ಇರಲಿಲ್ಲ.

ಕೊನೆಯ ಪ್ರಶ್ನೆ ನಾನು ಎಲ್ಲರಿಗೂ ಕೇಳುವುದೇ. ಆಸ್ಪತ್ರೆಯಲ್ಲಿ ನಮ್ಮ ಬಾಯಲ್ಲಿ ಬರುವುದು ಮರಾಠಿ. “ಚಾಲತಾನಾ ದಮ ಲಾಗತೋ ಕಾ?” ನಡೆಯುವಾಗ ಉಸಿರು ಕಟ್ಟುತ್ತದೆಯೇ ಎಂದು.

“ನಾಹಿ ಸಾಹೇಬ” ಎಂದರು ಕಾಕಾ. ದಿನವಿಡೀ ಕುರಿಗಳ ಹಿಂದೆ ತಿರುಗುವವನು ತಾನು, ದಮ್ಮು ಎಲ್ಲಿಯದು ಎಂದು ನಕ್ಕರು.

ಹೃದಯದ ಡಾಕ್ಟರು ಬಂದು ಅಂಕಿಗಳ ಮೇಲೆ ಕಣ್ಣಾಡಿಸಿದರು. ಮಧ್ಯಮ, ರೋಗಿಗೆ ತೊಂದರೆ ಇಲ್ಲ, ಆಪರೇಶನ್ನಿಗೆ ಅಡ್ಡಿ ಇಲ್ಲ ಎಂದು ಸಹಿ ಹಾಕಿದರು. ಅವರ ತಪ್ಪೇನಿಲ್ಲ. ನಾನು ಕೊಟ್ಟ ಅಂಕಿಯನ್ನೇ ಅವರು ನಂಬಿದರು. ನನ್ನ ಅಂಕಿಗಳನ್ನು ಅವರು ನಂಬುತ್ತಾರೆ ಎನ್ನುವುದು ಆಗ ನನಗೆ ದೊಡ್ಡ ಹೆಮ್ಮೆಯ ವಿಷಯವಾಗಿತ್ತು.

ನಾಲ್ಕು ಗಂಟೆಗೆ ಪಟ್ಟಿ ಮುಗಿಯಿತು. ಚಹಾ ಕುಡಿಯಲು ಹೊರಗೆ ಬಂದರೆ ಅಂಗಳದ ಬೇವಿನ ಮರದ ಕೆಳಗೆ ಕಾಕಾ ಮತ್ತು ಅವರ ಹೆಂಡತಿ ಕೂತಿದ್ದರು. ಇಬ್ಬರೂ ಕನ್ನಡದಲ್ಲಿ ಮಾತಾಡುತ್ತಿದ್ದರು. ಕುರಿ ಕಾಯಲು ಬಿಟ್ಟುಬಂದ ಅಣ್ಣನ ಮಕ್ಕಳ ಚಿಂತೆ ಅವರಿಗೆ. ನನ್ನ ಕಿವಿ ತಾನಾಗಿ ಆ ಕಡೆ ಹೋಯಿತು.

“ಕನ್ನಡದವರೇನ್ರಿ ಕಾಕಾ?” ಎಂದೆ.

“ಅಯ್ಯ, ಸಾಯೇಬ್ರಿಗೂ ಕನ್ನಡ ಬರತೈತಿ” ಎಂದರು ಕಾಕಾ. “ಯಾವೂರ್ರಿ?”

“ಆರಗ್ರಿ. ನಮ್ಮಪ್ಪನೂ ಕುರಿ ಕಾಯ್ದಾವನ.”

ಅಷ್ಟು ಸಾಕಾಯಿತು. ಸಾಯೇಬ ಹೋಗಿ ತಮ್ಮ ಆದೆ. ಅವರ ಹೆಂಡತಿ, ನನಗೀಗ ಮಾವಶಿ, ಸೆರಗಿನ ಗಂಟು ಬಿಚ್ಚಿ ಹುರಿದ ಶೇಂಗಾ ಕೈಗೆ ಹಾಕಿದರು. ಬೆಳಿಗ್ಗೆ ಮರಾಠಿಯಲ್ಲಿ ಕೇಳಿದ್ದನ್ನೇ ಸುಮ್ಮನೆ ಮಾತಿಗೆಂದು ಮತ್ತೆ ಕೇಳಿದೆ. “ಖರೇನ ದಮ್ಮ ಹತ್ತಂಗಿಲ್ಲೇನ್ರಿ ಕಾಕಾ?”

“ಎಲ್ಲಿ ಹತ್ತತೈತೋ ತಮ್ಮಾ. ಕುರಿ ನಡದ್ರ ನಾನೂ ನಡೀತೀನಿ, ಕುರಿ ನಿಂತ್ರ ನಾನೂ ನಿಲ್ತೀನಿ.”

“ಈಗೀಗ ಭಾಳ ನಿಲ್ತಾವ” ಎಂದರು ಮಾವಶಿ. “ಮುಂಜಾನೆ ಹಟ್ಟಿ ಬಿಟ್ಟು ದಿನ್ನಿ ಏರೂದ್ರಾಗ ನಾಕು ಕಡೆ ನಿಲ್ತಾವ.”

ಶೇಂಗಾ ಬಾಯಿಗೆ ಹಾಕುತ್ತಿದ್ದವನು ಹಾಗೆಯೇ ಕೈ ತಡೆದೆ. ಕುರಿ ಮಧ್ಯಾಹ್ನ ನಿಲ್ಲುತ್ತದೆ. ಬಿಸಿಲೇರಿದರೆ ಒಂದರ ಹೊಟ್ಟೆಯ ಕೆಳಗೆ ಒಂದು ತಲೆ ತೂರಿಸಿ ನಿಂತುಬಿಡುತ್ತದೆ, ಹೊಡೆದರೂ ಕದಲುವುದಿಲ್ಲ. ಆದರೆ ಬೆಳಗಿನ ತಂಪಿನಲ್ಲಿ, ರಾತ್ರಿಯೆಲ್ಲ ಹಸಿದ ಹಿಂಡು ಎಲ್ಲಾದರೂ ನಿಂತೀತೇ? ಅದನ್ನು ಹಿಡಿದು ನಿಲ್ಲಿಸುವುದೇ ಕುರಿಗಾರನ ಕಷ್ಟ. ಚಿಕ್ಕಂದಿನಲ್ಲಿ ಅಪ್ಪನ ಮುಂದೆ ಓಡಿ ಓಡಿ ನಾನೂ ಆ ಕೆಲಸ ಮಾಡಿದ್ದೇನೆ.

“ಮುಂಜಾನೆ ಹಸದ ಕುರಿ ಎಲ್ಲಿ ನಿಲ್ತಾವ್ರಿ ಮಾವಶಿ?”

“ಹೋತ ನಿಲ್ತೈತಿ ನೋಡಪಾ. ಮುಂದಿನ ಹೋತ ನಿಂತ್ರ ಎಲ್ಲಾ ನಿಲ್ತಾವ.”

ಹಿಂಡಿನ ಮುಂದೆ ನಡೆಯಲು ಒಂದು ಗಂಡು ಮೇಕೆಯನ್ನು ಪಳಗಿಸಿರುತ್ತಾರೆ. ಅದು ಹೋದಲ್ಲಿ ಕುರಿ ಹೋಗುತ್ತವೆ. “ಅದ್ಯಾಕ ನಿಲ್ತೈತ್ರಿ?” ಎಂದೆ.

ಮಾವಶಿ ಗಂಡನ ಮುಖ ನೋಡಿದರು. “ಹ್ವಾದ ವರ್ಸ ಇವ್ರ ಬಡಿಗಿ ಬಡದು ನಿಲ್ಲಸ್ತಿದ್ರು. ಬನ್ನೀಗಿಡದ ಹಂತ್ಯಾಕ ಒಮ್ಮಿ, ಕಾಲುವಿ ದಂಡಿಗೊಮ್ಮಿ. ಈಗ ಬಡ್ಯೂದ ಬ್ಯಾಡ. ಆ ಜಾಗಾ ಬಂತಂದ್ರ ಹೋತ ತಾನ ನಿಲ್ತೈತಿ.”

ಕಾಕಾ ಕಂಬಳಿಯ ಅಂಚು ಬೆರಳಿಗೆ ಸುತ್ತುತ್ತಿದ್ದರು. ಅವರು ಸುಳ್ಳು ಹೇಳಿರಲಿಲ್ಲ. ದಮ್ಮು ಹತ್ತಿದಲ್ಲೆಲ್ಲ ತಾವೇ ನಿಲ್ಲಿಸಿ ಹೋತಕ್ಕೆ ಕಲಿಸಿದ್ದನ್ನು ಮರೆತು, ಕುರಿ ನಿಂತದ್ದಕ್ಕೆ ತಾನು ನಿಲ್ಲುತ್ತೇನೆ ಎಂದು ಅವರೇ ನಂಬಿಬಿಟ್ಟಿದ್ದರು. ದಮ್ಮು ಹತ್ತುವ ಮೊದಲೇ ಮೇಕೆ ನಿಂತುಬಿಡುವಾಗ ದಮ್ಮು ಹತ್ತುವುದಾದರೂ ಎಲ್ಲಿಂದ? ಪರದೇಶದ ನನ್ನ ಯಂತ್ರಕ್ಕೆ ತಿಳಿಯದ್ದು ಆ ಹೋತಕ್ಕೆ ತಿಳಿದಿತ್ತು. ನನಗೆ ನಾಚಿಕೆಯಾಯಿತು, ಭಯವೂ ಆಯಿತು.

“ಬರ್ರಿ ಕಾಕಾ, ಗೇಟಿನ ತನಕ ಹೋಗಿ ಬರೂಣು” ಎಂದು ಎಬ್ಬಿಸಿದೆ. ವಾರ್ಡಿನ ಮುಂದಿನ ಉದ್ದನೆಯ ಪಡಸಾಲೆಯಲ್ಲಿ ಅವರ ಜೊತೆಗೆ, ಅವರ ಹೆಜ್ಜೆಗಿಂತ ತುಸು ಬೇಗ ನಡೆದೆ. ಮಳೆಯ ಸುದ್ದಿ ಎತ್ತಿ ಮಾತಾಡಿಸುತ್ತಿದ್ದೆ. ಸ್ವಲ್ಪ ದೂರಕ್ಕೆ ಅವರ ಉತ್ತರಗಳು ಗಿಡ್ಡವಾದವು. ನಲ್ಲಿಯ ಹತ್ತಿರ ನಿಂತು ಕೈ ತೊಳೆದರು. ಮತ್ತೆ ನಡೆದು, ರೋಗಿಗಳಿಗೆ ಸೂಚನೆಗಳಿದ್ದ ದೊಡ್ಡ ಬೋರ್ಡಿನ ಮುಂದೆ ನಿಂತರು. ಕತ್ತೆತ್ತಿ, ಮೇಲಿನಿಂದ ಕೆಳಗಿನವರೆಗೆ ನಿಧಾನವಾಗಿ ಓದಿದರು. ತುಟಿಗಳು ಬೆಳ್ಳಗಾಗಿದ್ದವು, ಮೂಗಿನ ಹೊಳ್ಳೆಗಳು ಅಗಲವಾಗಿದ್ದವು. ಬೆಳಿಗ್ಗೆ ಒಪ್ಪಿಗೆಯ ಕಾಗದಕ್ಕೆ ಅವರು ಹೆಬ್ಬೆಟ್ಟು ಒತ್ತಿದ್ದು ನನಗೆ ನೆನಪಿತ್ತು.

ಬೆನ್ನಿಗೆ ಸೂಜಿ ಕೊಟ್ಟಾಗ ಕಾಲಿನ ರಕ್ತನಾಳಗಳು ಸಡಿಲವಾಗಿ ಒತ್ತಡ ಇಳಿಯುತ್ತದೆ. ಆರೋಗ್ಯದ ಹೃದಯ ಹೆಚ್ಚು ರಕ್ತ ತಳ್ಳಿ ಸರಿದೂಗಿಸುತ್ತದೆ. ಬಾಗಿಲೇ ಮುಚ್ಚಿಕೊಂಡಂತಿದ್ದರೆ ಏನನ್ನು ತಳ್ಳುವುದು? ಒತ್ತಡ ಇಳಿದಂತೆ ಹೃದಯಕ್ಕೇ ರಕ್ತ ಸಾಲದೆ, ಮೇಜಿನ ಮೇಲೆಯೇ ನಿಂತುಹೋಗುತ್ತದೆ. ನನ್ನ ಮೂರು ಮೀಟರು ತಪ್ಪಾಗಿದ್ದರೆ ಮರುದಿನ ಬೆಳಿಗ್ಗೆ ಎಂಟೂವರೆಯ ಹೊತ್ತಿಗೆ ಈ ಮನುಷ್ಯ ಇರುವುದಿಲ್ಲ.

ಡಾಕ್ಟರ ಚೀಟಿ ಇಲ್ಲದೆ ಯಂತ್ರ ಮುಟ್ಟಬಾರದೆಂದು ನಿಯಮ. ಡಾಕ್ಟರು ಆಗಲೇ ಸಾಂಗಲಿಯ ತಮ್ಮ ದವಾಖಾನೆಗೆ ಹೋಗಿದ್ದರು. ನಾನು ಕೋಣೆಯ ಬಾಗಿಲು ತೆರೆದು ಇಬ್ಬರನ್ನೂ ಒಳಗೆ ಕರೆದೆ.

ಮೊದಲು ಕತ್ತಿನ ಗುಳಿ. ಮೂರೂವರೆ ಬಂತು. ಬೆಳಗಿನದಕ್ಕಿಂತ ಜಾಸ್ತಿ, ಆದರೆ ಚಿತ್ರದ ಅಂಚು ಹರಿದ ಬಟ್ಟೆಯ ಹಾಗೆ. ಅಂಚು ಸ್ವಚ್ಛವಾಗಿ ಬರದಿದ್ದರೆ ನೀವಿನ್ನೂ ಓರೆಯಲ್ಲಿದ್ದೀರಿ ಎಂದೇ ತಿಳಿಯಬೇಕು. ಬಲಕ್ಕೆ ಹೊರಳಿಸಿದೆ, ಕಾಕಾ ನೋವಿಗೆ ಸೆಟೆದುಕೊಂಡರು. ಮತ್ತೆ ಅಂಗಾತ ಮಲಗಿಸಿದೆ. ಎರಡನೆಯ ಸಲ ಹೊಟ್ಟೆಯ ಕೆಳಗೆ ದಿಂಬಿಟ್ಟೆ. ಅದೂ ಆಗಲಿಲ್ಲ. ಮಾವಶಿ ಮೂಲೆಯಿಂದ ಎದ್ದು ಬಂದರು. “ಸರಿಯಪಾ” ಎಂದು ನನ್ನನ್ನು ಪಕ್ಕಕ್ಕೆ ಸರಿಸಿ, ಗಂಡನ ಮೊಣಕಾಲುಗಳನ್ನು ಎದೆಯತ್ತ ಮಡಚಿ, ಹರ್ನಿಯಾದ ಮೇಲೆ ತಮ್ಮ ಅಂಗೈ ಒತ್ತಿ ಹಿಡಿದು, ಮಗುವನ್ನು ಹೊರಳಿಸಿದಂತೆ ಹೊರಳಿಸಿದರು. ಕಾಕಾ ಸುಮ್ಮನೆ ಮಲಗಿದರು.

ಈ ಜಾಗಕ್ಕೆ ಬೇರೆ ಪ್ರೋಬ್ ಬೇಕು. ಪೆನ್ಸಿಲಿನಷ್ಟು ಸಣ್ಣದು, ಚಿತ್ರ ತೋರಿಸುವುದಿಲ್ಲ; ರಕ್ತದ ಓಟದ ಸದ್ದು ಮತ್ತು ಅದರ ಗೆರೆ ಅಷ್ಟೇ. ಕಿವಿಯಿಂದ ಹುಡುಕಬೇಕು. ಬಂದ ದಿನದಿಂದ ಅದು ಡ್ರಾಯರಿನಲ್ಲೇ ಬಿದ್ದಿತ್ತು, ಬಿಡುವಿದ್ದಾಗ ನನ್ನ ಎದೆಯ ಮೇಲೆಯೇ ಇಟ್ಟು ಕಲಿತಿದ್ದೆ. ಎದೆಮೂಳೆಯ ಬಲಕ್ಕೆ, ಎರಡನೆಯ ಪಕ್ಕೆಲುಬಿನ ಸಂದಿಯಲ್ಲಿ ಇಟ್ಟೆ. ಭುಸ್ ಭುಸ್ ಎನ್ನುವ ಒರಟು ಸದ್ದು. ಕೂದಲೆಳೆಯಷ್ಟು ಒಳಕ್ಕೆ ವಾಲಿಸಿದೆ. ಇನ್ನಷ್ಟು. ಒಮ್ಮೆಲೇ ಒರಟುತನ ಹೋಗಿ ಸಣ್ಣನೆಯ, ತೆಳ್ಳನೆಯ ಸೀಟಿ ಕೇಳಿತು. ಪರದೆಯ ಮೇಲೆ ಗೆರೆ ಕೆಳಗಿನಿಂದೆದ್ದು ಎತ್ತರಕ್ಕೆ ಹೋಯಿತು, ಅಂಚು ಕತ್ತರಿಸಿಟ್ಟಷ್ಟು ಸ್ವಚ್ಛ. ನಾಲ್ಕು ಪಾಯಿಂಟ್ ಏಳು.

ಗುಣಿಸಿದೆ. ಎಂಬತ್ತೆಂಟು. ಬೆಳಿಗ್ಗೆ ಮೂವತ್ತಾರು ಎಂದು ಬರೆದಿದ್ದ ಕೈ ಇದೇ.

ಪ್ರೋಬ್ ಇದ್ದ ಜಾಗದ ಸುತ್ತ ಬಾಲ್‌ಪೆನ್ನಿನಿಂದ ಗುರುತು ಹಾಕಿದೆ. “ಇದನ್ನ ತೊಳೀಬ್ಯಾಡ್ರಿ ಕಾಕಾ, ನಾಳಿ ತನಕ” ಎಂದೆ.

ಆಸ್ಪತ್ರೆಯ ಫೋನಿನಿಂದ ಸಾಂಗಲಿಗೆ ಹಚ್ಚಿದೆ. ಡಾಕ್ಟರು ಮರಾಠಿಯವರು, ಅವರ ಮಾತನ್ನು ಕನ್ನಡದಲ್ಲಿ ಬರೆಯುತ್ತೇನೆ. “ಯಾರನ್ನು ಕೇಳಿ ಮಾಡಿದೆ?” ಎಂದರು ಮೊದಲು. ಆಮೇಲೆ, “ಪಕ್ಕದ ಕವಾಟದ ಸೋರಿಕೆಯನ್ನು ಹಿಡಿದಿರುತ್ತೀ. ಅದೂ ಇಷ್ಟೇ ಜೋರಾಗಿ ಓಡುತ್ತದೆ. ಚಿತ್ರವಿಲ್ಲದ ಪ್ರೋಬಿನಲ್ಲಿ ಎಲ್ಲರೂ ಮಾಡುವ ತಪ್ಪು.”

ಅದು ನನಗೂ ಹೊಳೆದಿತ್ತು, ನೋಡಿಯೂ ಇದ್ದೆ. ಸೋರಿಕೆಯಾದರೆ ಬಡಿತ ಶುರುವಾದೊಡನೆ ಶುರುವಾಗಿ ಉದ್ದಕ್ಕೆ ಇರುತ್ತದೆ. ಇದು ತುಸು ತಡೆದು ಶುರುವಾಗಿ ಬೇಗ ಮುಗಿಯುತ್ತಿತ್ತು. ಇಸಿಜಿಯ ಗೆರೆಯ ಜೊತೆಗಿಟ್ಟು ಅಳೆದಿದ್ದೇನೆ ಎಂದು ಹೇಳಿದೆ. “ಬೆಳಿಗ್ಗೆ ಬಂದು ನೋಡುತ್ತೇನೆ” ಎಂದರು. ಬೆಳಿಗ್ಗೆ ಎಂದರೆ ಅವರಿಗೆ ಹತ್ತು ಗಂಟೆ. ಕಾಕಾನನ್ನು ಎಂಟಕ್ಕೇ ಒಳಗೆ ಒಯ್ಯುತ್ತಾರೆ. ಹೇಳುವಷ್ಟರಲ್ಲಿ ಫೋನು ಇಟ್ಟಾಗಿತ್ತು. ಮತ್ತೆ ಹಚ್ಚಿದರೆ ಎತ್ತಲಿಲ್ಲ. ಸರ್ಜನ್ನರು ಮದುವೆಗೆಂದು ಊರ ಹೊರಗೆ ಹೋಗಿದ್ದರು, ಬೆಳಿಗ್ಗೆ ನೇರವಾಗಿ ಆಪರೇಶನ್ನಿಗೇ ಬರುವವರು.

ಅಲ್ಲಿ ನಿಂತು ಬಹಳ ಹೊತ್ತು ಯೋಚಿಸಿದೆ ಎಂದು ಹೇಳಿದರೆ ಸುಳ್ಳಾದೀತು. ನೌಕರಿ ಹೋದರೆ ಆರಗಕ್ಕೆ ಬಸ್ಸಿದೆ ಎಂದುಕೊಂಡೆ. ವಾರ್ಡಿಗೆ ಹೋಗಿ ಕಾಕಾನ ಫೈಲು ತೆಗೆದೆ. ಡಾಕ್ಟರ ಸಹಿಯಿದ್ದ ವರದಿಯ ಮೇಲೆ, ನನ್ನ ಅಂಕಿಗೆ ಕೆಂಪು ಶಾಯಿಯಲ್ಲಿ ಅಡ್ಡಗೆರೆ ಎಳೆದೆ. ಕೆಳಗೆ ಬರೆದೆ: ‘ಈ ಅಳತೆ ತಪ್ಪು. ತಪ್ಪು ನನ್ನದು. ಬಲಗಡೆಯಿಂದ 4.7. ಬೆನ್ನಿಗೆ ಸೂಜಿ ಕೊಡುವ ಮೊದಲು ದಯವಿಟ್ಟು ಮತ್ತೆ ನೋಡಿ.’ ಹೆಸರು ಬರೆದು ಸಹಿ ಮಾಡಿದೆ. ಆ ಆಸ್ಪತ್ರೆಯ ವರದಿಯೊಂದರ ಮೇಲೆ ಟೆಕ್ನಿಶಿಯನ್ ಒಬ್ಬ ಸಹಿ ಮಾಡಿದ್ದು ಅದೇ ಮೊದಲು.

ಮರುದಿನ ಏಳೂವರೆಗೆ ಆಪರೇಶನ್ ಥಿಯೇಟರಿನ ಬಾಗಿಲಲ್ಲಿ ನಿಂತಿದ್ದೆ. ಕಾಕಾನನ್ನು ಸ್ಟ್ರೆಚರಿನ ಮೇಲೆ ತಂದರು. ಹಸಿರು ಅಂಗಿ, ರುಮಾಲಿಲ್ಲದ ತಲೆ ಚಿಕ್ಕದಾಗಿ ಕಾಣುತ್ತಿತ್ತು. ಅರಿವಳಿಕೆ ಕೊಡುವ ಡಾಕ್ಟರ್‌ಬಾಯಿ ಫೈಲು ತೆರೆದರು. ಕೆಂಪು ಗೆರೆ ನೋಡಿ ನನ್ನ ಕಡೆ ನೋಡಿದರು. ಗದರುತ್ತಾರೆಂದುಕೊಂಡೆ. ಅವರು ಎರಡು ಬೆರಳನ್ನು ಕಾಕಾನ ಕತ್ತಿನ ನಾಡಿಯ ಮೇಲೆ ಇಟ್ಟು, ಗೋಡೆಯ ಗಡಿಯಾರದ ಕಡೆ ಮುಖ ಮಾಡಿ ನಿಂತರು. ಕಿರಿದಾದ ಬಾಗಿಲಿನ ಹಿಂದಿನ ನಾಡಿ ಬೆರಳಿಗೆ ಥಟ್ಟನೆ ಬಡಿಯುವುದಿಲ್ಲ, ಅನುಮಾನಿಸುತ್ತ ಮೆಲ್ಲನೆ ಏಳುತ್ತದೆ. ಅರ್ಧ ನಿಮಿಷ ಆಯಿತು.

“ವಾಪಸ್ ಒಯ್ಯಿರಿ. ಇವರಿಗೆ ನಾನು ಸೂಜಿ ಕೊಡುವುದಿಲ್ಲ” ಎಂದರು.

ಹೃದಯದ ಡಾಕ್ಟರಿಗೆ ಅವರೇ ಫೋನು ಮಾಡಿದರು. ಡಾಕ್ಟರು ಒಂಬತ್ತಕ್ಕೆಲ್ಲ ಬಂದರು, ಮುಖ ಬಿಗಿದಿತ್ತು. ಮಾವಶಿ ಮತ್ತೆ ಅಂಗೈ ಒತ್ತಿ ಹಿಡಿದರು. ಡಾಕ್ಟರು ಪೆನ್ಸಿಲ್ ಪ್ರೋಬನ್ನು ಬಾಲ್‌ಪೆನ್ನಿನ ಗುರುತಿನ ಮೇಲೆ ಇಟ್ಟರು. ಒರಟು ಸದ್ದು, ಆಮೇಲೆ ಅದೇ ಸೀಟಿ. ನಾಲ್ಕು ಪಾಯಿಂಟ್ ಎಂಟು. ಅವರು ಅದನ್ನು ಮೂರು ಸಲ ಅಳೆದರು. ಹೊಸ ವರದಿ ಬರೆದು, ತೀವ್ರ ಎಂದು ಅಡಿಗೆರೆ ಹಾಕಿ, ಸಹಿ ಮಾಡಿ ನನ್ನ ಮುಂದೆ ಸರಿಸಿದರು. “ನೀನೂ ಮಾಡು” ಎಂದರು. ಮಾಡಿದೆ. ಇಷ್ಟು ವರ್ಷಗಳಾದವು, ಅದನ್ನು ಬರೆಯುವಾಗ ಈಗಲೂ ಎದೆ ಉಬ್ಬುತ್ತದೆ. ಉಬ್ಬಲಿ, ತಪ್ಪೇನು?

ಕಾಕಾ ಮಾತ್ರ ಸಿಟ್ಟಾಗಿದ್ದರು. “ಹರ್ನಿಯಾ ಕೊಯ್ಸಾಕ ಬಂದಾವಗ ಎದಿ ಕೊಯ್ತೀವಂತೀರಲ್ಲೋ. ನನಗೇನಾಗೇತಿ? ದಮ್ಮಿಲ್ಲ, ಏನಿಲ್ಲ.” ಮುಂಬಯಿಗೆ ಹೋಗಿ ಕವಾಟ ಬದಲಿಸಿಕೊಳ್ಳಬೇಕು, ಇಲ್ಲದಿದ್ದರೆ ಯಾವ ದಿನವಾದರೂ ದಿಬ್ಬ ಏರುವಾಗ ಬಿದ್ದುಹೋಗಬಹುದು ಎಂದು ಡಾಕ್ಟರು ಹೇಳಿದ್ದನ್ನು ನಾನು ಕನ್ನಡದಲ್ಲಿ ಎರಡು ಸಲ ಹೇಳಿದೆ. ಕಾಕಾ ಒಲ್ಲೆನೆಂದು ತಲೆ ಅಲ್ಲಾಡಿಸಿದರು. ಕೊನೆಗೆ ಮಾವಶಿಯೇ ಎದ್ದರು. ಕಂಬಳಿ ಮಡಚಿ ಚೀಲಕ್ಕೆ ತುರುಕುತ್ತ, “ಹೋತಕ್ಕ ತಿಳದದ್ದು ನಿಮಗ ತಿಳಿಯವಲ್ದು. ನಡೀರಿ ಮುಂಬಯಿಗೆ” ಎಂದರು. ಕಾಕಾ ರುಮಾಲು ಸುತ್ತಿಕೊಂಡು ಎದ್ದರು.

ಆಮೇಲಿನ ಆರೇಳು ತಿಂಗಳು ಅವರ ಸುದ್ದಿ ಇರಲಿಲ್ಲ. ಪಟ್ಟಿ ಎಂದಿನಂತೆ ಉದ್ದವಾಗಿಯೇ ಇತ್ತು. ಆದರೆ ಸುಣ್ಣ ಕಟ್ಟಿದ ಕವಾಟ ಕಂಡರೆ ನಾನು ಬಲಗಡೆಯಿಂದ ನೋಡದೆ ಬಿಡುತ್ತಿರಲಿಲ್ಲ, ಹೊರಗೆ ಎಷ್ಟು ಜನರೇ ಕೂತಿರಲಿ. ದಮ್ಮು ಹತ್ತುತ್ತದೆಯೇ ಎಂದು ಕೇಳುವುದನ್ನು ಬಿಟ್ಟೆ. ಹೋದ ವರ್ಷ ಏನು ಮಾಡುತ್ತಿದ್ದಿರಿ, ಈಗ ಅದನ್ನು ಯಾರು ಮಾಡುತ್ತಾರೆ ಎಂದು ಕೇಳತೊಡಗಿದೆ. ಸಂಶಯವಿದ್ದರೆ ಪಡಸಾಲೆಯಲ್ಲಿ ಜೊತೆಗೆ ನಡೆಯುತ್ತಿದ್ದೆ. ಡಾಕ್ಟರು ಅದನ್ನು ‘ಕುರಿಗಾರ ಟೆಸ್ಟ್’ ಎಂದು ಗೇಲಿ ಮಾಡುತ್ತಿದ್ದರು. ಕೆಲ ದಿನಗಳಲ್ಲಿ ತಾವೇ ಚೀಟಿಯಲ್ಲಿ ಹಾಗೆ ಬರೆಯತೊಡಗಿದರು.

ಒಂದು ಬೆಳಿಗ್ಗೆ ಬೆಂಚಿನ ಮೇಲೆ ಕೆಂಪು ರುಮಾಲು ಕಂಡಿತು. ಕಾಕಾ ಮಾವಶಿಯೊಡನೆ ಬಂದಿದ್ದರು, ಎದೆಯ ನಡುವೆ ಉದ್ದನೆಯ ಗೆರೆ, ಹತ್ತಿರ ಹೋದರೆ ಲೋಹದ ಕವಾಟದ ಟಿಕ್ ಟಿಕ್. ಎಕೋ ಮಾಡಿದೆ. ಹೊಸ ಬಾಗಿಲು ಸಲೀಸಾಗಿ ತೆರೆಯುತ್ತಿತ್ತು, ದಪ್ಪಗಾಗಿದ್ದ ಗೋಡೆ ಇಳಿಯತೊಡಗಿತ್ತು. ಹರ್ನಿಯಾದ ಆಪರೇಶನ್ ಈಗ ನಿಶ್ಚಿಂತೆಯಿಂದ ಮಾಡಬಹುದಿತ್ತು. ಮುಗಿದ ಮೇಲೆ, “ಬರ್ರಿ ಕಾಕಾ, ಗೇಟಿನ ತನಕ” ಎಂದೆ.

ಅವರು ಮುಂದೆ, ನಾನು ಹಿಂದೆ. ನಲ್ಲಿ ದಾಟಿದರು. ನಾನು ಹೆಜ್ಜೆ ದೊಡ್ಡದು ಮಾಡಿದೆ. ಬೋರ್ಡಿನ ಮುಂದೆ ಹೋಗುವಾಗ ಅವರು ಅದರ ಕಡೆ ನೋಡಲೂ ಇಲ್ಲ.

“ನಿಲ್ರಿ ಕಾಕಾ” ಎಂದೆ ಹಿಂದಿನಿಂದ. “ಇವತ್ತ ಬೋರ್ಡ ಓದಂಗಿಲ್ಲೇನ್ರಿ?”

ಅವರು ನಡೆಯುತ್ತಲೇ ಕತ್ತು ತಿರುಗಿಸಿದರು. “ನನಗೆಲ್ಲಿ ಓದಾಕ ಬರತೈತೋ ತಮ್ಮಾ” ಎಂದು ನಕ್ಕು, ನಿಲ್ಲದೆ ಗೇಟಿನ ಕಡೆ ನಡೆದರು.